ಚುಕ್ಕಿ ಹಚ್ಚುವವನು ಆಡಬೇಕಾದ ಮಾತು

ಹೊಲಿಗೆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕಾಜಾ ಅಕ್ಕ ಎಂದೇ ಕರೆಯುತ್ತಿದ್ದರು. ಕೋಟುಗಳಿಗೆ ಗುಂಡಿ ತೂರಿಸುವ ಕಾಜಾ ಕಟ್ಟುವುದು, ಗುಂಡಿ ಹಾಕುವುದು, ಒಳಗಿನ ಅಸ್ತರಿನ ಅಂಚನ್ನು ಕೈಯಲ್ಲಿ ಹೊಲಿಯುವುದು, ಕೊನೆಗೆ ಬಟ್ಟೆಯ ಮೇಲೆ ಉಳಿದ ಸೀಮೆಸುಣ್ಣದ ಗೆರೆಗಳನ್ನೆಲ್ಲ ಬ್ರಷ್ಷಿನಲ್ಲಿ ಉಜ್ಜಿ ಇಸ್ತ್ರಿಗೆ ಕೊಡುವುದು ಅವಳ ಕೆಲಸ. ಹದಿನೆಂಟು ವರ್ಷದಿಂದ ಅದೇ ಮೂಲೆ, ಅದೇ ಸ್ಟೂಲು. ಸ್ಟೂಲಿನ ಒಂದು ಕಾಲು ಗಿಡ್ಡ. ಅದಕ್ಕೆ ಮಡಚಿದ ಕ್ಯಾನ್ವಾಸಿನ ಚೂರು. ಎದುರಿಗೆ ಹತ್ತು ಅಡಿ ದೂರದಲ್ಲಿ ಉದ್ದನೆಯ ಮೇಜು. ಆ ಮೇಜಿನ ಹಿಂದೆ ಕಟಿಂಗ್ ಮಾಸ್ಟರ್.

ಮಾಸ್ಟರ್ ಅವಳಿಗಿಂತ ಆರು ವರ್ಷ ದೊಡ್ಡವರು. ಅವರೂ ಅಕ್ಕ ಎಂದೇ ಕರೆಯುತ್ತಿದ್ದರು. ಅಕ್ಕ ಅನ್ನಿಸಿಕೊಂಡ ಹೆಣ್ಣಿಗೆ ಮರ್ಯಾದೆಗೇನೂ ಕಡಿಮೆಯಿಲ್ಲ, ಆದರೆ ಕೆಲವು ಬಾಗಿಲುಗಳು ಸದ್ದಿಲ್ಲದೆ ಮುಚ್ಚಿಕೊಂಡುಬಿಡುತ್ತವೆ. ಅವಳಿಗೆ ಐವತ್ತೆರಡು. ತಾಯಿ ಹಾಸಿಗೆ ಹಿಡಿದ ವರ್ಷ ಬಂದ ಗಂಡಿನ ಕಡೆಯವರಿಗೆ ಕಾಯಿರಿ ಎಂದಿದ್ದಳು. ತಾಯಿ ಹದಿಮೂರು ವರ್ಷ ಮಲಗಿದ್ದರು. ಅಷ್ಟು ದಿನ ಯಾರು ಕಾಯುತ್ತಾರೆ? ತಂಗಿ ದೂರದ ಊರಿನಲ್ಲಿದ್ದಾಳೆ, ಭಾನುವಾರ ಫೋನು ಮಾಡುತ್ತಾಳೆ, ತನ್ನ ಮಂಡಿನೋವಿನ ಸುದ್ದಿ ಹೇಳಿ ಮುಗಿಸುತ್ತಾಳೆ.

ಪ್ರತಿ ಗುರುವಾರ ಮಧ್ಯಾಹ್ನ ಡಬ್ಬಿ ಊಟ ಮುಗಿದ ಮೇಲೆ ಅಂಗಡಿಯಲ್ಲಿ ಕಥೆ ಓದುವ ಕಾರ್ಯಕ್ರಮ. ಓದುವವರು ಅಂಗಡಿಯ ಯಜಮಾನತಿ. ಯಜಮಾನರು ಊಟಕ್ಕೆ ಮನೆಗೆ ಹೋಗಿ ಒಂದು ಗಳಿಗೆ ಒರಗುತ್ತಿದ್ದರು. ಆ ಹೊತ್ತು ಗಲ್ಲಾದ ಮುಂದೆ ಯಜಮಾನತಿ ಕೂರುತ್ತಿದ್ದರು. ಕೂತ ಹೊತ್ತು ಹೋಗಬೇಕಲ್ಲ. ಮೊಬೈಲಿನಲ್ಲಿ ಕಥೆಗಳ ಆ್ಯಪ್ ಇತ್ತು. ಅದರಲ್ಲಿ 'ಚುಕ್ಕಿ ಹಚ್ಚುವವನು' ಎಂಬ ಧಾರಾವಾಹಿ ವಾರಕ್ಕೊಂದು ಕಂತು ಬರುತ್ತಿತ್ತು. ಬರೆದವರ ಹೆಸರಿನ ಜಾಗದಲ್ಲಿ 'ಬೆಳದಿಂಗಳು' ಎಂದಷ್ಟೇ ಇತ್ತು.

ಕಥೆ ನಡೆಯುವುದು ಮೇಲಿನ ಲೋಕದಲ್ಲಿ. ಅಲ್ಲಿ ನಕ್ಷತ್ರಗಳು ತಾವಾಗಿ ಹೊತ್ತಿಕೊಳ್ಳುವುದಿಲ್ಲ. ಒಬ್ಬನು ದಿನಾ ಸಂಜೆ ಏಣಿ ಹೊತ್ತು ಹೋಗಿ ಒಂದೊಂದನ್ನೇ ಹಚ್ಚಬೇಕು. ಅವನು ಹೋಗುವ ದಾರಿಯಲ್ಲಿ ಒಬ್ಬಳ ಜಗುಲಿ. ಗಾಳಿಗೆ ಹರಿದ ಮೋಡಗಳನ್ನು ಹೊಲಿಯುವುದು ಅವಳ ಕಸುಬು. ಹೊಲಿಯದಿದ್ದರೆ ಮಳೆ ಸೋರಿಹೋಗುತ್ತದೆ. ಅವನು ದಿನಾ ಜಗುಲಿಯ ಮುಂದೆ ಏಣಿ ಇಳಿಸಿ ಭುಜ ಉಜ್ಜಿಕೊಳ್ಳುತ್ತಾನೆ, "ಇವತ್ತು ಗಾಳಿ ಜೋರು" ಎನ್ನುತ್ತಾನೆ, ಮತ್ತೆ ಹೊರಡುತ್ತಾನೆ. ಇಷ್ಟರಲ್ಲೇ ಮೂವತ್ತಾರು ಕಂತು ಕಳೆದಿದ್ದವು.

"ಏನು ಗಂಡಸೋ ಇವನು," ಎಂದು ಯಜಮಾನತಿ ಕನ್ನಡಕ ಮೇಲೇರಿಸಿ ಗೊಣಗುತ್ತಿದ್ದರು. "ಮೂವತ್ತಾರು ವಾರದಿಂದ ಗಾಳಿ ಜೋರು, ಗಾಳಿ ಜೋರು. ಆ ಹುಡುಗಿ ತಲೆಕೂದಲು ಬೆಳ್ಳಗಾದ ಮೇಲೆ ಬಾಯಿ ಬಿಡ್ತಾನೇನೋ."

"ನಮ್ಮ ಯಜಮಾನರು ಬೇಗ ಬಿಟ್ಟಿದ್ರಾ, ಅಮ್ಮಾ?" ಎಂದು ಪ್ಯಾಂಟು ಹೊಲಿಯುವವಳು ಕೇಳಿದಳು.

"ಅವರದೇನು ಕೇಳ್ತೀಯ. ನೋಡೋಕೆ ಬಂದ ದಿನ 'ನಿಮ್ಮ ಮನೇಲಿ ನೀರು ಸರಿಯಾಗಿ ಬರುತ್ತಾ' ಅಂತ ಕೇಳಿದರು. ಅಷ್ಟೇ ನಮ್ಮ ಪ್ರೇಮ."

ಎಲ್ಲರೂ ನಕ್ಕರು. ಕೋಟು ಹೊಲಿಯುವ ಮುದುಕ ಮಾತ್ರ ಮಿಷನ್ನಿನ ಮೇಲೆ ತಲೆ ಇಟ್ಟು ಗೊರಕೆ ಹೊಡೆಯುತ್ತಿದ್ದ. ಕಾಜಾ ಅಕ್ಕ ತಲೆ ಎತ್ತದೆ ನೂಲು ಕಚ್ಚಿ ತುಂಡರಿಸಿದಳು.

ಆ ಕಥೆ ಬರೆಯುತ್ತಿದ್ದವಳು ಅವಳೇ.

ಅಂಗಡಿಯಲ್ಲಿ ಇದು ಯಾರ ಕನಸಿಗೂ ಬರುವಂತಿರಲಿಲ್ಲ. ಕಾಜಾ ಅಕ್ಕನಿಗೆ ಅಕ್ಷರ ಬರುವುದಿಲ್ಲ ಎಂದೇ ಅವರೆಲ್ಲ ತಿಳಿದಿದ್ದರು. ಸೇರಿದ ಹೊಸದರಲ್ಲಿ ಯಜಮಾನರು ಯಾವುದೋ ವಿಳಾಸ ಬರೆದುಕೊಳ್ಳಲು ಹೇಳಿದ್ದರು. ಇನ್ನೊಂದು ಕೆಲಸ ತಲೆಗೆ ಬೀಳುವುದು ಬೇಡವೆಂದು ಅವಳು "ನನಗೆ ಬರೋದಿಲ್ಲ" ಎಂದಿದ್ದಳು. ಅದೇ ನಿಂತುಬಿಟ್ಟಿತು. ಒಂದು ಸುಳ್ಳು ಅನುಕೂಲವಾಗಿದ್ದರೆ ಅದನ್ನು ತಿದ್ದಲು ಯಾರೂ ಅವಸರ ಮಾಡುವುದಿಲ್ಲ. ನಿಜಕ್ಕೂ ಅವಳು ಓದಿದ್ದು ಏಳನೆಯ ತರಗತಿ. ಆದರೆ ತಾಯಿಯ ಹಾಸಿಗೆಯ ಪಕ್ಕ ಹದಿಮೂರು ವರ್ಷ ಕೂತವಳು ಏನು ಸಿಕ್ಕಿದರೂ ಗಟ್ಟಿಯಾಗಿ ಓದಿ ಹೇಳಬೇಕಾಗಿತ್ತು, ಸಿಗದ ದಿನ ಕಟ್ಟಿ ಹೇಳಬೇಕಾಗಿತ್ತು. ತಾಯಿಗೆ ದುಃಖದ ಕಥೆ ಆಗದು. ಹೊಡೆದಾಟ ಆಗದು. "ಮುತ್ತು ಬೇಡ, ಮಂಚ ಬೇಡ, ಕಡೆಗೊಂದು ಮದುವೆ ಇರಲಿ, ಈ ಲೋಕದ್ದು ಮಾತ್ರ ಬೇಡ, ಇದನ್ನ ನೋಡಿ ಸಾಕಾಗಿದೆ" ಎನ್ನುತ್ತಿದ್ದರು. ತಾಯಿ ಹೋದರು. ಕೇಳುವ ಕಿವಿ ಹೋದರೂ ಹೇಳುವ ಬಾಯಿ ಸುಮ್ಮನಿರಲಿಲ್ಲ. ತಂಗಿಯ ಮಗಳು ಒಮ್ಮೆ ಬಂದಿದ್ದಾಗ ಆ್ಯಪ್ ಹಾಕಿಕೊಟ್ಟು, ಮಾತಾಡಿದರೆ ಅಕ್ಷರವಾಗುವ ಗುಂಡಿಯನ್ನು ತೋರಿಸಿದಳು. ಈಗ ಅವಳಿಗೆ ನಾಲ್ಕು ಸಾವಿರ ಓದುಗರು.

ಅವಳ ಕೋಣೆ ಸೈಕಲ್ ರಿಪೇರಿ ಅಂಗಡಿಯ ಮೇಲೆ, ಎರಡನೆಯ ಮಹಡಿಯಲ್ಲಿ. ಸಂಜೆ ಏಳಕ್ಕೆ ಬಂದು ಕಾಲು ತೊಳೆದು, ಒಲೆಯ ಮೇಲೆ ಪಾತ್ರೆ ಇಟ್ಟು, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕಥೆ ಹೇಳಲು ಶುರುಮಾಡುತ್ತಿದ್ದಳು. ಮೋಡ ಹೊಲಿಯುವವಳ ಮಾತನ್ನು ತನ್ನ ದನಿಯಲ್ಲಿ ಹೇಳುವಳು. ಚುಕ್ಕಿ ಹಚ್ಚುವವನ ಮಾತು ಬಂದಾಗ ದನಿಯನ್ನು ತುಸು ತಗ್ಗಿಸಿ ದಪ್ಪ ಮಾಡುವಳು. ಕೆಳಗಿನ ಮನೆಯಾಕೆಗೆ ಅನುಮಾನ.

"ನಿಮ್ಮಲ್ಲಿ ಯಾರೋ ಬರ್ತಾರೆ ಅನ್ಸುತ್ತೆ ಸಂಜೆ ಹೊತ್ತು," ಎಂದು ಒಂದು ದಿನ ಮೆಟ್ಟಿಲಲ್ಲಿ ಹಿಡಿದು ನಿಲ್ಲಿಸಿದ್ದಳು.

"ಯಾರು ಬರ್ತಾರೆ ನನ್ನ ಮನೆಗೆ?"

"ಗಂಡಸಿನ ದನಿ ಕೇಳಿಸ್ತಪ್ಪ. ನಾನೇನು ತಪ್ಪು ಅಂತ ಹೇಳ್ತಿಲ್ಲ. ಬಂದ್ರೆ ಒಳ್ಳೇದೇ. ಸ್ವಲ್ಪ ಮೆತ್ತಗೆ ಮಾತಾಡೋಕೆ ಹೇಳಿ, ನಮ್ಮನೆಯವರು ಬೇಗ ಮಲಗ್ತಾರೆ."

ಕಾಜಾ ಅಕ್ಕ "ಹೇಳ್ತೀನಿ" ಎಂದು ಮೇಲೆ ಹತ್ತಿ, ಬಾಗಿಲು ಹಾಕಿ, ಸ್ವಲ್ಪ ಹೊತ್ತು ನಕ್ಕಿದ್ದಳು. ನಗು ನಿಂತ ಮೇಲೆ ಕೋಣೆ ಮೊದಲಿಗಿಂತ ದೊಡ್ಡದಾಗಿ ಕಂಡಿತು.

ಚುಕ್ಕಿ ಹಚ್ಚುವವನ ಮೈಕಟ್ಟು, ನಡಿಗೆ, ಮಾತು ತಪ್ಪಿದಾಗ ಕಿವಿಯ ಹಿಂದೆ ಬೆರಳು ಆಡಿಸುವ ಅಭ್ಯಾಸ ಎಲ್ಲವೂ ಎಲ್ಲಿಂದ ಬಂದವೆಂದು ಬಿಡಿಸಿ ಹೇಳಬೇಕಾಗಿಲ್ಲ. ಹದಿನೆಂಟು ವರ್ಷ ಎದುರಿಗೆ ಕೂತು ನೋಡಿದ ಗಂಡಸು ಒಬ್ಬರೇ. ಅವರು ಯಾರ ಮೇಲೂ ಏರಿದ ದನಿಯಲ್ಲಿ ಮಾತಾಡಿದವರಲ್ಲ. ಒಬ್ಬರೇ ಇದ್ದರು, ಮದುವೆ ಯಾಕಾಗಲಿಲ್ಲವೆಂದು ಯಾರಾದರೂ ಕೇಳಿದರೆ "ಅಳತೆ ಕೂಡಿಬರಲಿಲ್ಲ" ಎಂದು ಕತ್ತರಿ ಎತ್ತಿಕೊಳ್ಳುತ್ತಿದ್ದರು. ಮಧ್ಯಾಹ್ನ ಅವಳ ಮೂಲೆಗೆ ಬಿಸಿಲು ಬಂದರೆ ಕೇಳದೆಯೇ ಪರದೆ ಎಳೆಯುತ್ತಿದ್ದರು. ಅಷ್ಟನ್ನೇ ನೂಲಾಗಿಸಿ ಅವಳು ಮೂವತ್ತಾರು ಕಂತು ನೇಯ್ದಿದ್ದಳು. ಆದರೆ ಮುಖ್ಯವಾದ ಮಾತು ಬರುತ್ತಿರಲಿಲ್ಲ. ಚುಕ್ಕಿ ಹಚ್ಚುವವನು ಬಾಯಿಬಿಟ್ಟು ಏನು ಹೇಳಬೇಕು? ಅಂಥ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಕೇಳದ ಮಾತನ್ನು ಹೇಗೆ ಬರೆಯುವುದು? ಫೋನಿನ ಮುಂದೆ ದನಿ ತಗ್ಗಿಸಿ ಕೂರುವಳು, ಬಾಯಿಂದ ಮತ್ತೆ "ಇವತ್ತು ಗಾಳಿ ಜೋರು" ಎಂದೇ ಬರುವುದು.

ಮಾತು ಮುಂದೂಡಲು ಏನಾದರೂ ಬೇಕಲ್ಲ, ಮೂವತ್ತೇಳನೆಯ ಕಂತಿನಲ್ಲಿ ಒಂದು ಹಕ್ಕಿಯನ್ನು ತಂದಳು. ಅಲ್ಲೇ ಅವಳು ತಪ್ಪಿದ್ದು.

ಮಾಸ್ಟರಿಗೆ ಒಂದು ಪದ್ಧತಿಯಿತ್ತು. ಕೋಟು ಹೊಲಿಸಲು ಬಂದವರ ಮೈ ಎಲ್ಲರದ್ದೂ ತಕ್ಕಡಿಯಂತೆ ಸಮ ಇರುವುದಿಲ್ಲ. ಒಬ್ಬನ ಎಡಭುಜ ಇಳಿದಿರುತ್ತದೆ, ಇನ್ನೊಬ್ಬನ ಬೆನ್ನು ತುಸು ಗೂನು. ಬೇರೆ ಅಂಗಡಿಗಳಲ್ಲಿ ಅದನ್ನು ಅಳತೆ ಪುಸ್ತಕದಲ್ಲೇ ಬರೆದುಬಿಡುತ್ತಾರೆ. ಮಾಸ್ಟರ್ ಬರೆಯುತ್ತಿರಲಿಲ್ಲ. "ಅವನ ಮೈಯನ್ನ ಅವನೆದುರಿಗೇ ಯಾಕೆ ಬೈಯೋದು" ಎನ್ನುವರು. ಅದರ ಬದಲು ಬಟ್ಟೆ ಕತ್ತರಿಸುವಾಗ, ಕೊರತೆ ಇದ್ದ ಕಡೆ, ಒಳಮೈಯಲ್ಲಿ ಸೀಮೆಸುಣ್ಣದಿಂದ ಒಂದು ಚಿಕ್ಕ ಹಕ್ಕಿ ಬರೆಯುವರು: ಒಂದು ಬಾಗಿದ ಗೆರೆ, ಒಂದು ಗೀಟು, ಕಣ್ಣಿಗೊಂದು ಚುಕ್ಕೆ. ಕೋಟು ಹೊಲಿಯುವವರು ಹಕ್ಕಿ ಕಂಡ ಕಡೆ ಒಳಗೊಂದು ಪದರ ಹತ್ತಿ ಸೇರಿಸುವರು. ಕೊನೆಗೆ ಕಾಜಾ ಅಕ್ಕ ಅಸ್ತರು ಮುಚ್ಚುವ ಮೊದಲು ಹಕ್ಕಿಯನ್ನು ಉಜ್ಜಿಬಿಡುವಳು. ಹಕ್ಕಿಯ ಸಂಗತಿ ಗೊತ್ತಿದ್ದದ್ದು ಆ ಮೂರು ಜಾಗದಲ್ಲಿ ಕೂತವರಿಗೆ ಮಾತ್ರ. ಯಜಮಾನರಿಗೂ ಗೊತ್ತಿರಲಿಲ್ಲ.

ಆ ಗುರುವಾರ ಯಜಮಾನತಿ ಗಂಟಲು ಸರಿಮಾಡಿಕೊಂಡು ಓದಿದರು: "'ಕೆಲವು ಚುಕ್ಕಿಗಳು ಹುಟ್ಟಿನಿಂದಲೇ ಮಿಣುಕುವವು. ಅವನ್ನು ಕಂಡು ಯಾರೂ ನಗಬಾರದೆಂದು ಅವನು ಅವುಗಳ ಬೆನ್ನಿಗೆ ಬಿಳಿ ಮಣ್ಣಿನಿಂದ ಪುಟ್ಟ ಹಕ್ಕಿಯೊಂದನ್ನು ಬರೆಯುತ್ತಿದ್ದ. ಒಂದು ಬಾಗಿದ ಗೆರೆ, ಒಂದು ಗೀಟು, ಕಣ್ಣಿಗೊಂದು ಚುಕ್ಕೆ. ಹಕ್ಕಿ ಇದ್ದ ಚುಕ್ಕಿಯನ್ನು ಹಚ್ಚುವಾಗ ಅವನ ಕೈ ಮೆತ್ತಗಾಗುತ್ತಿತ್ತು…'"

ಮೇಜಿನ ಮೇಲೆ ಕತ್ತರಿಯ ಸದ್ದು ನಿಂತಿತು.

ಕಾಜಾ ಅಕ್ಕನಿಗೆ ಆಗಲೇ ಅರಿವಾದದ್ದು. ಹೇಳುವಾಗ ಅದು ಅಂಗಡಿಯದೆಂಬ ಎಚ್ಚರವೇ ಇರಲಿಲ್ಲ. ಕೈಗೆ ರೂಢಿಯಾದದ್ದು ಬಾಯಿಗೆ ಬಂದಿತ್ತು. ಅವಳು ತಲೆ ಬಗ್ಗಿಸಿ ಕೂತಳು. ಕಣ್ಣಂಚಿನಲ್ಲಿ ನೋಡಿದರೆ ಮಾಸ್ಟರ್ ಕತ್ತರಿ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿಟ್ಟುಕೊಂಡು ನಿಂತಿದ್ದರು. ಕಂತು ಮುಗಿಯುವವರೆಗೂ ಅವರು ಬಟ್ಟೆ ಮುಟ್ಟಲಿಲ್ಲ.

ಸಂಜೆ ಉಳಿದವರು ಹೋದ ಮೇಲೆ ಅವರು ಅವಳ ಮೂಲೆಗೆ ಬಂದರು. ಬಂದವರು ನಿಲ್ಲಲೋ ಕೂರಲೋ ಎಂದು ಒದ್ದಾಡಿ, ಇಸ್ತ್ರಿ ಮೇಜಿಗೆ ಒರಗಿದರು.

"ಅಕ್ಕ, ಒಂದು ಮಾತು."

"ಹೇಳಿ ಮಾಸ್ಟರ್."

"ಆ ಕಥೆ ಬರೆಯೋದು ಯಾರು ಅಂತ ನನಗೆ ಗೊತ್ತಾಯ್ತು."

ಅವಳ ಬೆರಳಿಗೆ ಸೂಜಿ ಚುಚ್ಚಿತು. ಚುಚ್ಚಿದ್ದು ತಿಳಿಯಲೂ ಇಲ್ಲ. ಹದಿನೆಂಟು ವರ್ಷದಲ್ಲಿ ಅವರು ಅಷ್ಟು ಹತ್ತಿರ ಬಂದು, ಅಷ್ಟು ಮೆತ್ತನೆಯ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ಅವರ ಕಣ್ಣಿನಲ್ಲಿ ನಾಚಿಕೆ ಇತ್ತು, ಅದರ ಹಿಂದೆ ಸಂತೋಷ. ಆ ಮುಖವನ್ನು ನೋಡಿದ ಒಂದು ಗಳಿಗೆ, ಉಸಿರು ಎಳೆದುಕೊಂಡು ಬಿಡುವಷ್ಟು ಹೊತ್ತು, ಕಾಜಾ ಅಕ್ಕ ಬದುಕಿನಲ್ಲಿ ತನಗೂ ಒಂದು ಕಂತು ಇದೆ ಎಂದುಕೊಂಡಳು.

"ಹಕ್ಕಿ ವಿಷಯ ಇನ್ಯಾರಿಗೆ ಗೊತ್ತಿರುತ್ತೆ ಹೇಳಿ?" ಎಂದರು ಮಾಸ್ಟರ್. "ಈ ಮುದುಕನಿಗೆ ಬರೆಯೋಕೆ ಬಂದ್ರೆ ಅಂಗಡಿ ಸಾಮಾನಿನ ಚೀಟಿ ಅಷ್ಟೇ. ಅದು ಅವಳೇ. ಕಿಟಕಿ ಪಕ್ಕದ ಮಿಷನ್ನಲ್ಲಿ ಕೂರ್ತಿದ್ದಳಲ್ಲ, ಕೋಟಿನವಳು. ಹನ್ನೊಂದು ವರ್ಷದ ಹಿಂದೆ ಅಣ್ಣನ ಊರಿಗೆ ಹೊರಟುಹೋದಳಲ್ಲ. ನೆನಪಿದ್ದಾಳಾ ನಿಮಗೆ?"

ನೆನಪಿರದೆ ಏನು? ತೆಳ್ಳಗೆ, ಎತ್ತರಕ್ಕೆ, ಮಿಷನ್ನು ತುಳಿಯುವಾಗ ಏನನ್ನೋ ಗುನುಗುತ್ತಿದ್ದವಳು. ಒಳ್ಳೆಯ ಹೆಂಗಸು. ಕಾಜಾ ಅಕ್ಕನಿಗೆ ಒಮ್ಮೆ ಜ್ವರ ಬಂದಾಗ ಅವಳ ಪಾಲಿನ ಗುಂಡಿಗಳನ್ನೂ ತಾನೇ ಹಾಕಿಕೊಟ್ಟಿದ್ದಳು.

"ನೆನಪಿದೆ," ಎಂದಳು.

"ಅವಳು ಇದನ್ನೆಲ್ಲ ಇಷ್ಟು ವರ್ಷ ಮನಸ್ಸಲ್ಲಿ ಇಟ್ಟುಕೊಂಡಿದ್ದಾಳೆ ನೋಡಿ. ನಾನು ದಡ್ಡ, ಆಗ ಒಂದು ಮಾತು ಆಡಲಿಲ್ಲ. ಕಥೇಲಿ ಅವನೂ ಆಡ್ತಿಲ್ಲ. ಅದು ನನಗೇ ಹೇಳ್ತಿರೋದು ಅಕ್ಕ." ಅವರು ಕಿವಿಯ ಹಿಂದೆ ಬೆರಳು ಆಡಿಸಿಕೊಂಡರು. "ಬರೆದವರಿಗೆ ಓದುಗರು ಗುಟ್ಟಾಗಿ ಕಾಗದ ಹಾಕಬಹುದಂತೆ. ನಾನೂ ಆ್ಯಪ್ ಹಾಕಿಸ್ಕೊಂಡಿದ್ದೀನಿ. ಯಾರಿಗೂ ಹೇಳಬೇಡಿ, ನಗ್ತಾರೆ. ನಿಮ್ಮ ಹತ್ತಿರ ಹೇಳಿದ್ರೆ ಕಲ್ಲಿನ ಹತ್ತಿರ ಹೇಳಿದ ಹಾಗೆ ಅಂತ ಹೇಳಿದೆ."

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಆದರೆ ಅವರನ್ನು ಬೈದು ಪ್ರಯೋಜನವಿಲ್ಲ. ಅವರು ಹುಡುಕುತ್ತಿದ್ದ ಕೂಸೇ ಬೇರೆ.

ಅವಳು ಮನೆಗೆ ಹೋದಳು. ಅಡಿಗೆ ಮಾಡಲಿಲ್ಲ. ಎಂಟು ಗಂಟೆಗೆ ಫೋನು ಟಿಣ್ ಎಂದಿತು. ಸಕ್ಕರೆ ಡಬ್ಬಿಗೆ ಒರಗಿಸಿದ್ದ ಫೋನಿನಲ್ಲಿ ಮಾಸ್ಟರ್ ಕಾಗದವಾಗಿ ಬಂದು ಕೂತಿದ್ದರು.

"ನಮಸ್ಕಾರ. ನೀವು ಯಾರೆಂದು ನನಗೆ ಗೊತ್ತು ಅಂದುಕೊಂಡಿದ್ದೇನೆ. ಕಿಟಕಿ ಪಕ್ಕದ ಮಿಷನ್ನಿನ ಸದ್ದು ನಿಂತು ಹನ್ನೊಂದು ವರ್ಷವಾಯಿತು. ಈಗ ಮಿಷನ್ನೂ ಬೇರೆ, ಕೂರುವವರೂ ಬೇರೆ. ಆದರೂ ಬೆಳಗ್ಗೆ ಬಾಗಿಲು ತೆಗೆದರೆ ನಾನು ಮೊದಲು ನೋಡುವುದು ಆ ಕಡೆಗೆ. ಒಂದು ಮಾತು ಹೇಳಬೇಕು ಅಂತ ದಿನಾ ಮನೆಯಿಂದ ಹೊರಡುತ್ತಿದ್ದೆ. ನಿಮ್ಮ ಮುಂದೆ ಬಂದ ಮೇಲೆ ಬಟ್ಟೆಯ ವಿಷಯ ಮಾತಾಡಿ ವಾಪಸು ಹೋಗುತ್ತಿದ್ದೆ. ಆ ಮಾತು ಇನ್ನೂ ನನ್ನ ಹತ್ತಿರವೇ ಇದೆ. ಬೇರೆ ಯಾರಿಗೂ ಅದು ಸರಿಹೋಗಲಿಲ್ಲ. ನೀವು ಅವರೇ ಆಗಿದ್ದರೆ ಒಂದು ಸಾಲು ಬರೆಯಿರಿ. ಅಲ್ಲದಿದ್ದರೆ ಕ್ಷಮಿಸಿ."

ಅವಳು ಅದನ್ನು ಮೂರು ಸಲ ಓದಿದಳು. ನಾಲ್ಕನೆಯ ಸಲ ಗಟ್ಟಿಯಾಗಿ, ದನಿ ತಗ್ಗಿಸಿ ಓದಿದಳು. ಮೂವತ್ತೇಳು ಕಂತುಗಳ ಉದ್ದಕ್ಕೂ ಹುಡುಕಿ ಸಿಗದಿದ್ದ ಮಾತು ಅದೇ. ತನ್ನ ಹೆಸರಿಗೇ ಬಂದಿತ್ತು, ತನ್ನ ಕೋಣೆಗೇ ಬಂದಿತ್ತು, ತನ್ನದಲ್ಲದೆ ಬಂದಿತ್ತು.

ಫೋನಿನ ಗುಂಡಿ ಒತ್ತಿ "ಹೌದು" ಎಂದಳು. ಪರದೆಯ ಮೇಲೆ ಹೌದು ಎಂಬ ಅಕ್ಷರ ಮೂಡಿತು.

ಅಷ್ಟು ಸಾಕಾಗಿತ್ತು. ಕಳಿಸಿದರೆ ನಾಳೆ ಇನ್ನೊಂದು ಕಾಗದ ಬರುತ್ತದೆ, ನಾಡಿದ್ದು ಮತ್ತೊಂದು. ದಿನಾ ಸಂಜೆ ಈ ಕೋಣೆಗೆ ಒಬ್ಬರು ಬಂದಂತಾಗುತ್ತದೆ, ಕೆಳಗಿನ ಮನೆಯಾಕೆಯ ಅನುಮಾನವೂ ನಿಜವಾಗುತ್ತದೆ. ಅವರಿಗೂ ಸುಖ, ತನಗೂ ಸುಖ, ನಷ್ಟ ಯಾರಿಗೆ? ಅವಳು ಹೆಬ್ಬೆರಳನ್ನು ಪರದೆಯ ಮೇಲೆ ಹಿಡಿದುಕೊಂಡು ತುಂಬ ಹೊತ್ತು ಕೂತಳು. ಆದರೆ ಅವಳು ಜೀವಮಾನವೆಲ್ಲ ಬಟ್ಟೆಯ ನಡುವೆ ಕಳೆದವಳು. ಇನ್ನೊಬ್ಬಳ ಅಳತೆಗೆ ಹೊಲಿದದ್ದನ್ನು ತೊಟ್ಟರೆ ಮೊದಲ ದಿನ ಚೆಂದವೇ ಕಾಣುತ್ತದೆ. ಕೈ ಎತ್ತಿದ ದಿನ ಕಂಕುಳಲ್ಲಿ ಬಿರಿಯುತ್ತದೆ. ಬಿರಿದಾಗ ನಾಚಿಕೆ ತೊಟ್ಟವಳಿಗಷ್ಟೇ ಅಲ್ಲ, ಹೊಲಿದವರಿಗೂ. ಒಂದೊಂದೇ ಅಕ್ಷರವಾಗಿ ಹೌದು ಅಳಿಸಿದಳು. ಅಲ್ಲ ಎಂದು ಬರೆಯಲೂ ಕೈ ಬರಲಿಲ್ಲ.

ಮೂರು ದಿನ ಸುಮ್ಮನಿದ್ದಳು. ಉತ್ತರ ಬರದಿದ್ದರೆ ಅವರೇ ಮರೆಯುತ್ತಾರೆ ಎಂದುಕೊಂಡಿದ್ದಳು. ಹನ್ನೊಂದು ವರ್ಷ ಮರೆಯದವರು ಮೂರು ದಿನಕ್ಕೆ ಮರೆಯುತ್ತಾರೆಯೇ. ಮಾಸ್ಟರ್ ಹೊಸ ಷರಟು ಹಾಕಿಕೊಂಡು ಬಂದರು. ಫೋನನ್ನು ಮೇಜಿನ ಮೇಲೆ, ಸೀಮೆಸುಣ್ಣದ ಪಕ್ಕ ಇಟ್ಟುಕೊಂಡರು. ಅದು ಟಿಣ್ ಎಂದಾಗಲೆಲ್ಲ ಕತ್ತರಿ ಬಿಟ್ಟು ನೋಡುವರು, ಯಾವುದೋ ಜಾಹೀರಾತು. ಸೋಮವಾರ ಒಂದು ಕೋಟಿಗೆ ಎರಡೂ ತೋಳನ್ನು ಎಡಗೈಗೇ ಕತ್ತರಿಸಿಬಿಟ್ಟರು.

ಯಜಮಾನರು ಎರಡು ತೋಳನ್ನೂ ಎತ್ತಿ ಹಿಡಿದು ನೋಡಿದರು. "ಇದೇನು ಮಾಸ್ಟರ್, ಗಿರಾಕಿ ಬಲಗೈ ಮನೇಲಿ ಬಿಟ್ಟು ಬರ್ತಾನಾ?"

"ತಪ್ಪಾಯ್ತು."

"ನಿಮ್ಮ ಕೈಯಲ್ಲಿ ತಪ್ಪು? ಹುಷಾರಿಲ್ವಾ? ಮನೆಗೆ ಹೋಗಿ ಮಲಕ್ಕೊಳ್ಳಿ."

"ಮನೇಲಿ ಮಲಗಿ ಏನು ಮಾಡಲಿ," ಎಂದರು ಮಾಸ್ಟರ್. ಹಾಗೆ ಹೇಳಿದ ದನಿ ಕಾಜಾ ಅಕ್ಕನಿಗೆ ಚೆನ್ನಾಗಿ ಗೊತ್ತಿದ್ದ ದನಿ; ಭಾನುವಾರ ತಂಗಿ ಫೋನು ಇಟ್ಟ ಮೇಲೆ ತನ್ನ ಕೋಣೆಯಲ್ಲಿ ಅವಳು ಅದನ್ನೇ ಕೇಳಿಸಿಕೊಳ್ಳುತ್ತಿದ್ದಳು. ತನ್ನ ಒಂಟಿತನಕ್ಕೆ ಒಂದು ಗತಿ ಕಾಣಿಸಿಕೊಳ್ಳಲು ಹೊರಟು ಇನ್ನೊಬ್ಬರ ಒಂಟಿತನವನ್ನು ಬಿಚ್ಚಿಟ್ಟಿದ್ದೇನೆ ಎನ್ನಿಸಿತು. ಇನ್ನು ಸುಮ್ಮನಿರುವುದು ಕೆಟ್ಟತನ.

ಆ ಸಂಜೆ ಎಲ್ಲರೂ ಹೊರಟ ಮೇಲೆ ಅವಳೇ ಮೇಜಿನ ಹತ್ತಿರ ಹೋದಳು. ಆ ಮೇಜಿನ ಆ ಬದಿಗೆ ಅವಳು ಹೋದದ್ದೇ ಅಪರೂಪ.

"ಮಾಸ್ಟರ್, ಅವಳು ಅಲ್ಲ."

"ಏನು?"

"ಕಥೆ ಬರೆದದ್ದು ಅವಳಲ್ಲ. ನಾನು."

ಅವರಿಗೆ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. "ನಿಮಗೆ ಬರೆಯೋಕೆ ಬರೋದಿಲ್ವಲ್ಲ ಅಕ್ಕ," ಎಂದರು, ಪಾಪ, ಸಮಾಧಾನ ಹೇಳುವವರ ಹಾಗೆ.

"ಬರುತ್ತೆ. ಆವತ್ತು ಬರೋದಿಲ್ಲ ಅಂತ ಸುಳ್ಳು ಹೇಳಿದ್ದೆ." ಅವಳು ಫೋನು ತೆಗೆದು ಅವರ ಕಾಗದವನ್ನು ಅವರಿಗೇ ತೋರಿಸಿದಳು.

ಮಾಸ್ಟರ್ ಓದಿದರು. ಆಗ ಅವರ ಮುಖದಲ್ಲಿ ಆದದ್ದನ್ನು ಅವಳು ನೋಡಬಾರದಿತ್ತು, ಆದರೆ ಕಣ್ಣು ತಪ್ಪಿಸಲು ಸಮಯ ಸಿಗಲಿಲ್ಲ. ದೀಪ ಆರಿದ ಹಾಗಾಯಿತು. ಕೋಪವಿಲ್ಲ, ಅಸಹ್ಯವಿಲ್ಲ, ಬಾಗಿಲು ತಟ್ಟಿದ ಸದ್ದಿಗೆ ಓಡಿ ಬಂದು ತೆಗೆದವರು ಎದುರಿಗೆ ಪಕ್ಕದ ಮನೆಯವರನ್ನು ಕಂಡಾಗ ಮುಖ ಹೇಗಾಗುತ್ತದೋ ಹಾಗೆ. ಆಮೇಲೆ, ಅವರು ಒಳ್ಳೆಯವರಾದ್ದರಿಂದ, ಆ ಮುಖವನ್ನು ಬೇಗ ಸರಿಮಾಡಿಕೊಂಡರು. ಅವಳಿಗೆ ಬೇಕಾದ ಉತ್ತರ ಅಷ್ಟರಲ್ಲೇ ಸಿಕ್ಕಿತ್ತು. ಕೇಳಬೇಕಾದ ಪ್ರಶ್ನೆಯೇ ಉಳಿಯಲಿಲ್ಲ.

"ಹಾಗಾದ್ರೆ ಅವಳು ಇದನ್ನ ಓದಿಲ್ಲ," ಎಂದರು.

"ಇಲ್ಲ."

"ನಾನು ಅವಳ ನೆನಪಲ್ಲಿ ಇದ್ದೀನೋ ಇಲ್ಲವೋ, ಅದೂ ಗೊತ್ತಿಲ್ಲ."

"ಅದು ನನಗೂ ಗೊತ್ತಿಲ್ಲ ಮಾಸ್ಟರ್. ತಪ್ಪು ನಂದು. ಹಕ್ಕೀನ ಕೇಳದೆ ಎತ್ತಿಕೊಂಡೆ."

ಅವರು ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡಿದರು. ಮೆಲ್ಲಗೆ ಇನ್ನೊಂದು ಸಂಗತಿ ಅವರಿಗೆ ಹೊಳೆಯತೊಡಗಿದ್ದು ಅವಳಿಗೆ ಕಂಡಿತು. ಕಥೆ ಇವಳದಾದರೆ ಮೋಡ ಹೊಲಿಯುವವಳು ಯಾರು? ಕಿವಿಯ ಹಿಂದೆ ಬೆರಳು ಆಡಿಸುವ ಆ ಮನುಷ್ಯ ಯಾರು? ಅವರು ತಲೆ ಎತ್ತಿದರು. "ಅಕ್ಕ, ಆ ಚುಕ್ಕಿ ಹಚ್ಚುವವನು…"

"ಅವನು ಕಥೆಯವನು ಮಾಸ್ಟರ್," ಎಂದಳು, ಅವರು ಮುಗಿಸುವ ಮೊದಲೇ. "ನಮ್ಮಮ್ಮನಿಗೆ ಅಂತ ಕಟ್ಟಿದವನು. ನೀವು ಅವನ ಬಗ್ಗೆ ಯೋಚನೆ ಮಾಡಬೇಡಿ."

ಅವರು ನಂಬಲಿಲ್ಲ. ನಂಬಿದಂತೆ ತಲೆಯಾಡಿಸಿದರು. ಗಿರಾಕಿಯ ಇಳಿದ ಭುಜವನ್ನು ಕಂಡೂ ಬಾಯಿಬಿಡದ ಮನುಷ್ಯ. ಇವಳಿಗೂ ಅದೇ ಮರ್ಯಾದೆ ಸಿಕ್ಕಿತು. ಅದನ್ನು ಅವಳು ಎರಡು ಕೈಯಲ್ಲೂ ತೆಗೆದುಕೊಂಡಳು. ಬೇರೇನೂ ಸಿಗುವಂತಿರಲಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು. ಹೆಂಗಸಾಗಿ ಸೋತದ್ದು ಸರಿ, ಕಥೆಗಾರ್ತಿಗೆ ಗುರುವಾರದ ಕಂತು ಕೊಡಬೇಕಲ್ಲ.

"ನೀವು ಬರೆದ ಆ ಮಾತು… ಕಥೆಗೆ ಹಾಕಿಕೊಳ್ಳಲಾ? ಅವನಿಗೆ ಮಾತೇ ಸಿಗ್ತಿಲ್ಲ. ಈ ಸಲ ಕೇಳಿಯೇ ತಗೊಳ್ತೀನಿ. ಬೇಡ ಅಂದ್ರೆ ಬೇಡ."

ಮಾಸ್ಟರ್ ಕಿಟಕಿ ಪಕ್ಕದ ಮಿಷನ್ನಿನ ಕಡೆ ನೋಡಿ, ಆಮೇಲೆ ಇವಳ ಕಡೆ ನೋಡಿದರು.

"ಹಾಕಿಕೊಳ್ಳಿ," ಎಂದರು. "ಎಲ್ಲಾದ್ರೂ ಒಂದು ಕಡೆ ಸರಿಹೋಗಲಿ."

ಮೂವತ್ತೆಂಟನೆಯದೇ ಕೊನೆಯ ಕಂತು. ಮಂಗಳವಾರ, ಬುಧವಾರ ಎರಡು ಸಂಜೆ ಕೂತು ಅದನ್ನು ಹೇಳಿ ಮುಗಿಸಿದಳು. ದನಿ ಎಲ್ಲೂ ತಡೆಯಲಿಲ್ಲ.

ಗುರುವಾರ ಯಜಮಾನತಿ ಬೇಗಬೇಗ ಊಟ ಮುಗಿಸಿ ಕನ್ನಡಕ ಏರಿಸಿದರು. ಕೊನೆಯ ಕಂತೆಂದು ಪ್ಯಾಂಟು ಹೊಲಿಯುವವಳು ಮಿಷನ್ನನ್ನೇ ಈ ಕಡೆ ತಿರುಗಿಸಿಕೊಂಡಿದ್ದಳು. ಮುದುಕ ಕೂಡ ಎಚ್ಚರವಿದ್ದ.

"'ಅವನು ಏಣಿ ಇಳಿಸಿದ. ಭುಜ ಉಜ್ಜಿಕೊಳ್ಳಲಿಲ್ಲ. ಗಾಳಿಯ ಮಾತೆತ್ತಲಿಲ್ಲ. ನಿನಗೊಂದು ಮಾತು ಹೇಳಬೇಕು ಅಂತ ದಿನಾ ಸಂಜೆ ಮನೆಯಿಂದ ಹೊರಡುತ್ತಿದ್ದೆ. ನಿನ್ನ ಮುಂದೆ ಬಂದ ಮೇಲೆ ಮೋಡದ ವಿಷಯ ಮಾತಾಡಿ ಏಣಿ ಹೊತ್ತು ಹೋಗುತ್ತಿದ್ದೆ. ಆ ಮಾತು ಇನ್ನೂ ನನ್ನ ಹತ್ತಿರವೇ ಇದೆ. ಬೇರೆ ಯಾರಿಗೂ ಅದು ಸರಿಹೋಗಲಿಲ್ಲ, ಎಂದ…'"

ಯಜಮಾನತಿ ಓದುವುದನ್ನು ನಿಲ್ಲಿಸಿದರು. ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಪ್ಯಾಂಟು ಹೊಲಿಯುವವಳು ಬಾಗಿಲ ಕಡೆ ಮುಖ ತಿರುಗಿಸಿ ಕೂತಳು. ಮಾಸ್ಟರ್ ಮೇಜಿನ ಮೇಲೆ ಎರಡು ಕೈ ಊರಿ ಕೇಳುತ್ತಿದ್ದರು. ತಮ್ಮ ಮಾತು ಇನ್ನೊಬ್ಬರ ಬಾಯಲ್ಲಿ, ಇನ್ನೊಂದು ಲೋಕದಲ್ಲಿ, ಕೊನೆಗೂ ಒಬ್ಬಳನ್ನು ತಲುಪುತ್ತಿರುವುದನ್ನು. ಕಾಜಾ ಅಕ್ಕ ಕೂಡ ಕೇಳುತ್ತಿದ್ದಳು. ಅವಳ ಕೈಯಲ್ಲಿ ಅರ್ಧ ಕಟ್ಟಿದ ಕಾಜಾ ಇತ್ತು. ಮೇಲಿನ ಲೋಕದಲ್ಲಿ ಮೋಡ ಹೊಲಿಯುವವಳು ಸೂಜಿಯನ್ನು ಮೋಡಕ್ಕೆ ಚುಚ್ಚಿಟ್ಟು ಎದ್ದಳು, ಮದುವೆಯಾಯಿತು, ಎಲ್ಲ ಚುಕ್ಕಿಗಳೂ ಒಟ್ಟಿಗೆ ಹೊತ್ತಿಕೊಂಡವು.

"ಅಬ್ಬ, ಬಾಯಿ ಬಿಟ್ಟನಪ್ಪ," ಎಂದರು ಯಜಮಾನತಿ, ಮೂಗು ಒರೆಸಿಕೊಳ್ಳುತ್ತಾ. "ಬಿಟ್ಟರೂ ಹೇಗೆ ಬಿಟ್ಟ. ಇದನ್ನ ಬರೆದವಳು ಪುಣ್ಯವಂತೆ ಕಣ್ರೇ. ಇಂಥ ಮಾತು ಕಿವಿಯಾರೆ ಕೇಳದೆ ಯಾರೂ ಬರೆಯೋಕಾಗಲ್ಲ. ಅವಳ ಗಂಡ ಎಂಥವನಿರಬೇಕು ಹೇಳಿ."

"ನೀರು ಬರುತ್ತಾ ಅಂತ ಕೇಳೋವನಂತೂ ಅಲ್ಲ ಬಿಡಿ," ಎಂದಳು ಪ್ಯಾಂಟು ಹೊಲಿಯುವವಳು.

ಎಲ್ಲರೂ ನಕ್ಕರು. ಕಾಜಾ ಅಕ್ಕನೂ ನಕ್ಕಳು, ನಗದಿದ್ದರೆ ತಪ್ಪಾಗುತ್ತದೆಂದು. ಹೊರಗೆ ಯಜಮಾನರ ಚಪ್ಪಲಿಯ ಸದ್ದಾಯಿತು. ಯಜಮಾನತಿ ಫೋನನ್ನು ಚೀಲಕ್ಕೆ ಹಾಕಿಕೊಂಡು ಗಲ್ಲಾದಿಂದ ಎದ್ದರು, ಮಿಷನ್ನುಗಳು ಒಂದರ ಹಿಂದೊಂದು ಶುರುವಾದವು. ಸ್ವಲ್ಪ ಹೊತ್ತಿಗೆ ಮಾಸ್ಟರ್ ಒಂದು ಕೋಟನ್ನು ತೋಳಿನ ಮೇಲೆ ಹಾಕಿಕೊಂಡು, ಆ ಹತ್ತು ಅಡಿ ನಡೆದು ಬಂದು, ಅವಳ ಮುಂದೆ ಇಟ್ಟರು.

"ನಾಳೆ ಬೆಳಗ್ಗೆ ಬೇಕಂತೆ ಅಕ್ಕ."

"ಎಷ್ಟು ಗುಂಡಿ?"

"ಮೂರು," ಎಂದರು. ಅವಳ ಮೂಲೆಯ ಪರದೆ ಎಳೆದು ಮೇಜಿಗೆ ಮರಳಿದರು. ಅವಳು ಸೂಜಿಗೆ ನೂಲು ಪೋಣಿಸಿದಳು.